ಆಮೆಮರಿಗೆ ಎಣ್ಣೆ ಹಚ್ಚಿದವರು ಯಾರು?

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಆಮೆಮರಿಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ನಾವಿರುವ ಮಾರ್ಗನ್ ಹಿಲ್ ಊರಿನ ಚಳಿಗೆ ಹೆದರಿ, ಹಿತ್ತಲಲ್ಲಿ ಹೀಟರ್ ಇರುವ ಮರದ ಪೆಟ್ಟಿಗೆಯಲ್ಲಿ ಅದನ್ನು ಇಟ್ಟಿದ್ದೇವೆ. ಅಂಗೈಯಷ್ಟೇ ಇರುವ ಮರಿ, ಮೂಗಿಗೆ ಎಣ್ಣೆ ಹೋದರೆ ಉಳಿಯುತ್ತದೋ ಇಲ್ಲವೋ. ಫೋಟೋಗಾಗಿ ಹೊಳಪು ಬರಿಸಿರಬೇಕೆಂದು ಮಗಳನ್ನು ವಿಚಾರಿಸಿದೆ.

“ನಾಟ್ ಮಿ, ಅಮ್ಮಾ. ಆಸ್ಕ್ ಅಜ್ಜಿ.”

ಹುಬ್ಬಳ್ಳಿಯಿಂದ ಬಂದಿರುವ ಅತ್ತೆ ಮುಚ್ಚಿಡಲಿಲ್ಲ. “ನಾನ ಹಚ್ಚೇನಿ. ದಿನಾ ಬೆಚ್ಚನ ನೀರಾಗ ಕುಂದರಸ್ತೇನಿ. ಕೂಸಿನ್ನ ಥಂಡ್ಯಾಗ ಹೊರಗ ಇಟ್ಟಾಕಿ ನೀನು. ನಿನ್ನ ಮಗಳಿಗೂ ನಾನ ಎಣ್ಣಿ ಹಚ್ಚಿದ್ದೆ, ಆಕಿ ಬೆಳೀಲಿಲ್ಲೇನು?”

ಪ್ರಾಣಿವೈದ್ಯೆಗೆ ಫೋನ್ ಮಾಡಿದೆ. ಎಣ್ಣೆಯನ್ನು ತೊಳೆದುಬಿಡಿ, ಇನ್ನು ಹಚ್ಚಬೇಡಿ ಎಂದರು. ಆಮೇಲೆ, ಮರಿಯನ್ನು ದಿನಾ ಸ್ವಲ್ಪ ಹೊತ್ತು ಬೆಚ್ಚಗಿನ ನೀರಿನಲ್ಲಿ ಬಿಡುತ್ತಿದ್ದೀರಿ ತಾನೇ, ಅದು ಬಹಳ ಮುಖ್ಯ ಎಂದರು. ಹಾಗೆ ಬಿಡಬೇಕೆಂದು ನನಗೆ ಗೊತ್ತೇ ಇರಲಿಲ್ಲ. ಆದರೂ ದಿನಾ ನಾನೇ ಬಿಡುತ್ತೇನೆ ಎಂದುಬಿಟ್ಟೆ. ಯಾಕೆ ಹಾಗೆಂದೆನೋ, ಇನ್ನೂ ಯೋಚಿಸುತ್ತಿದ್ದೇನೆ.

ಪಕ್ಕದಲ್ಲಿದ್ದ ಮಗಳು ಅರೆಬರೆ ಕನ್ನಡದಲ್ಲಿ ಎಲ್ಲವನ್ನೂ ಅಜ್ಜಿಗೆ ಒಪ್ಪಿಸಿದಳು. ಮಧ್ಯಾಹ್ನದಿಂದ ಅತ್ತೆ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ನಾನು ಹತ್ತಿರ ಹೋದರೆ, “ಏನ್ ಬೇಕಾಗಿತ್ತು?” ಎಂದು ಕೇಳುತ್ತಾರೆ.