ನಾನು ಕೇಳದೇ ಹೋದ ಅಪ್ಪನ ಬ್ಯಾಂಡ್ ಸೆಟ್ಟು

ನಾನು ಚಿಕ್ಕವಳಿದ್ದಾಗ ನಮ್ಮ ಧನಗೆರೆಯಲ್ಲಿ ಅಪ್ಪನ ಬ್ಯಾಂಡ್ ಸೆಟ್ಟನ್ನು ಕೇಳದೇ ಇದ್ದವರು ಅಂದರೆ ನಾನು ಮತ್ತು ಅಕ್ಕ ಇಬ್ಬರೇ ಇರಬೇಕು. ಹನೂರು, ಬಂಡಳ್ಳಿ, ಯಳಂದೂರು, ಆ ಕಡೆ ಪಾಲಾರಿನ ಗಡಿಯವರೆಗೂ ಮದುವೆ ಇದ್ದಲ್ಲೆಲ್ಲ ಹತ್ತು ಜನ ಕೆಂಪು ಕೋಟು ತೊಟ್ಟು ಹೋಗುತ್ತಿದ್ದರು. ಸೆಟ್ಟಿನ ಯಜಮಾನ ಬೇರೊಬ್ಬ, ಆದರೆ ಎಲ್ಲರಿಗಿಂತ ಮುಂದೆ ಟ್ರಂಪೆಟ್ ಹಿಡಿದು ಅಪ್ಪ. ಅಪ್ಪ ಒಂದು ಸ್ವರ ಎಳೆದು ನಿಲ್ಲಿಸಿದರೆ ಅಡುಗೆಯವರೂ ಸೌಟು ಬಿಟ್ಟು ಚಪ್ಪರಕ್ಕೆ ಬರುತ್ತಿದ್ದರಂತೆ. ಈ ‘ಅಂತೆ’ ಇದೆಯಲ್ಲ ಮಕ್ಕಳೇ, ನನ್ನ ಪಾಲಿಗೆ ಬಂದದ್ದು ಅದೊಂದೇ.

ಮನೆಯಲ್ಲಿ ಅಪ್ಪ ಊದುತ್ತಿರಲಿಲ್ಲ. ಅಭ್ಯಾಸವೆಲ್ಲ ಕೊಳ್ಳೇಗಾಲದ ಒಂದು ತಗಡಿನ ಶೆಡ್ಡಿನಲ್ಲಿ. ಒಂದೇ ಒಂದು ಸಲ ಊದು ಎಂದು ನಾನು ಗೋಗರೆದರೆ, “ಒಬ್ನೇ ಊದುದ್ರೆ ಅದೇನ್ ಬ್ಯಾಂಡಾ ಕೂಸೇ? ಎಲ್ರೂ ಜೊತೇಲಿರ್ಬೇಕು,” ಎಂದು ನಕ್ಕು ಎದ್ದುಹೋಗುತ್ತಿದ್ದ. ಮದುವೆಮನೆಗೇ ಹೋಗೋಣವೆಂದರೆ ಅವ್ವ ಬಿಡುತ್ತಿರಲಿಲ್ಲ. ಬ್ಯಾಂಡಿನವರ ಮನೆಯ ಹೆಣ್ಣುಮಕ್ಕಳು ಕರೆಯದ ಮದುವೆಯಲ್ಲಿ ಕಂಡರೆ ಊಟಕ್ಕೆ ಬಂದರು ಅನ್ನುತ್ತಾರೆ ಎಂಬ ಅಂಜಿಕೆ ಅವಳದು.

ನಮಗೆ ಸಿಕ್ಕಿದ್ದು ಉಜ್ಜುವ ಕೆಲಸ. ಹುಣಸೆಹಣ್ಣು ಕಿವುಚಿ, ಜರಡಿ ಹಿಡಿದ ಇಟ್ಟಿಗೆ ಪುಡಿ ಸೇರಿಸಿ, ತೆಂಗಿನ ನಾರಿನಲ್ಲಿ ತಿಕ್ಕಿದರೆ ಆ ಹಿತ್ತಾಳೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಬೆರಳೆಲ್ಲ ಹುಳಿ ವಾಸನೆ. ಟ್ರಂಪೆಟ್ಟಿನ ಮೇಲೆ ಒತ್ತುವ ಗುಂಡಿಗಳು ಮೂರು. ಅವುಗಳ ಕೆಳಗೆ ಬೆರಳುದ್ದದ ಮೂರು ಕೊಳವೆಗಳು, ಗುಂಡಿ ಒತ್ತಿದಾಗ ಇಳಿದು ಬಿಟ್ಟಾಗ ಮೇಲೇಳುವಂಥವು. ನಮ್ಮ ಕೈಗೆ ಕೊಡುವ ಮೊದಲು ಅಪ್ಪ ಅವನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಡುತ್ತಿದ್ದ. ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು ತಾನೇ ಕೂರಿಸುತ್ತಿದ್ದ. “ಇವ್ನ ಮಾತ್ರ ಮುಟ್ಬೇಡಿ ಕಣ್ರವ್ವಾ,” ಎನ್ನುತ್ತಿದ್ದ. ಯಾಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ಒಂಬತ್ತು ತುಂಬಿದ ವರ್ಷ ನಮ್ಮದೇ ಬೀದಿಯಲ್ಲಿ, ಮೂರನೇ ಮನೆಯಲ್ಲಿ ಮದುವೆ ಬಂತು. ಬ್ಯಾಂಡು ಅಪ್ಪನದೇ. ಕರೆ ನಮಗೂ ಇತ್ತು. ಗಂಡಿನ ಕಡೆಯವರನ್ನು ಮಾರಮ್ಮನ ಗುಡಿಯಿಂದ ಬ್ಯಾಂಡಿನೊಂದಿಗೆ ಕರೆತರುವ ದಾರಿ ನಮ್ಮ ಬಾಗಿಲ ಮುಂದೆಯೇ ಹಾಯುತ್ತಿತ್ತು. ಮೂರು ದಿನ ಮೊದಲಿನಿಂದ ನನಗೆ ಅನ್ನ ಸೇರಲಿಲ್ಲ, ಅಷ್ಟು ಸಂಭ್ರಮ.

ಆ ದಿನ ಬೆಳಿಗ್ಗೆ ಅಪ್ಪ ಕೋಟಿಗೆ ಇಸ್ತ್ರಿ ಹಾಕಿಸಲು ಹೋಗಿದ್ದ. ಅಕ್ಕ ಮದುವೆಮನೆಯಲ್ಲಿ ತರಕಾರಿ ಹೆಚ್ಚಲು ಕೂತಿದ್ದಳು. ನಾನೊಬ್ಬಳೇ ಟ್ರಂಪೆಟ್ ಉಜ್ಜಿ ಮುಗಿಸಿ, ಗೂಡಿನಲ್ಲಿದ್ದ ಬಟ್ಟೆ ಬಿಚ್ಚಿ ನೋಡಿದೆ. ಉಳಿದದ್ದೆಲ್ಲ ಥಳಥಳ ಅನ್ನುವಾಗ ಆ ಮೂರು ಕೊಳವೆಗಳು ಜಿಡ್ಡು ಹಿಡಿದು ಮಂಕಾಗಿದ್ದವು. ನಮ್ಮ ಬೀದಿಯಲ್ಲಿ ಅಪ್ಪ ಇಂಥ ಕೊಳಕು ಇಟ್ಟುಕೊಂಡು ಊದಬೇಕೇ ಅನ್ನಿಸಿತು. ಇದ್ದ ಇಟ್ಟಿಗೆ ಪುಡಿಯನ್ನೆಲ್ಲ ಸುರಿದು, ಅಂಗೈ ಉರಿಯುವ ತನಕ ತಿಕ್ಕಿದೆ. ತೊಳೆದು, ಒರೆಸಿ, ಮತ್ತೆ ಹಾಗೆಯೇ ಸುತ್ತಿಟ್ಟೆ.

ಅಪ್ಪ ಬರುವಷ್ಟರಲ್ಲಿ ಬೀಗರ ವ್ಯಾನು ಗುಡಿಯ ಹತ್ತಿರ ನಿಂತಾಗಿತ್ತು. ಗಡಿಬಿಡಿಯಲ್ಲಿ ಎಣ್ಣೆ ಬಿಟ್ಟು, ಕೊಳವೆ ಕೂರಿಸಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಓಡಿದ. ನಾನು ಜಗಲಿಯ ಕಂಬ ತಬ್ಬಿ ನಿಂತೆ. ನೀರು ಚಿಮುಕಿಸಿದ ಬೀದಿಯ ಮಣ್ಣು ಘಮ ಅನ್ನುತ್ತಿತ್ತು. ಡ್ರಮ್ಮಿನ ಸದ್ದು ಎದೆಗೇ ಬಡಿಯುವಂತೆ ಬಂತು. ಬೀದಿಯ ತಿರುವಿನಲ್ಲಿ ಕೆಂಪು ಕೋಟುಗಳು ಕಂಡವು. ಅಪ್ಪ ನನ್ನ ಕಡೆ ನೋಡಿ ಟ್ರಂಪೆಟ್ ಎತ್ತಿದ. ಒಂದು ಎಳೆ ಹೊರಟಿತು. ಅರ್ಧ ಉಸಿರಿನಷ್ಟು, ಅಷ್ಟೇ. ಒತ್ತಿದ ಗುಂಡಿ ಮೇಲೇಳಲಿಲ್ಲ.

ಅಪ್ಪ ಉಗುರಿನಿಂದ ಅದನ್ನು ಮೀಟಿದ. ಮತ್ತೆ ಊದಿದಾಗ ಗೊರಗೊರ ಅಂದಿತು. ಗಂಡಿನ ಕಡೆಯವನೊಬ್ಬ, “ಏನಯ್ಯಾ, ತೂತ್ ಮಡಕೆ ಊದ್ದಂಗದಲ್ಲಾ,” ಎಂದ. ಎಲ್ಲರೂ ನಕ್ಕರು. ಬ್ಯಾಂಡಿನ ಯಜಮಾನ ಅಪ್ಪನ ತೋಳು ಹಿಡಿದು, “ನೀ ಪಕ್ಕಕ್ ಬಾ, ದಿಬ್ಬಣ ಮುಂದಕ್ಕೋಗ್ಲಿ,” ಎಂದು ಬದಿಗೆ ಸರಿಸಿದ. ನಮ್ಮ ಬಾಗಿಲ ಮುಂದೆ ಅಪ್ಪ ಟ್ರಂಪೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ನೆಲ ನೋಡುತ್ತ ಸಾಗಿಹೋದ.

ಸಂಜೆ ಜಗಲಿಯ ಮೇಲೆ ಕೂತು ಕೊಳವೆಗಳನ್ನು ಬಿಚ್ಚಿದ. ನುಣುಪಾಗಿ ಜಾರಬೇಕಿದ್ದ ಅವುಗಳ ಮೈತುಂಬ ಗೀರು. ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ಹೊಸಕಿ ನೋಡಿದ, ಮೂಸಿದ. ಆಮೇಲೆ ನನ್ನನ್ನು ನೋಡಿದ. ಅವ್ವ ಏನಾಯ್ತೆಂದು ಕೇಳಿದ್ದಕ್ಕೆ, “ಏನಿಲ್ಲ ಕಣಮ್ಮಿ, ತೇವ ಇಡ್ಕಂಡದ,” ಎಂದ. ನನಗೆ ಎರಡು ಬಾರಿಸಿದ್ದರೆ ಅಳುವುದಕ್ಕಾದರೂ ನೆವ ಸಿಗುತ್ತಿತ್ತು. ಅವನು ಬೈಯಲೂ ಇಲ್ಲ.

ಮೈಸೂರಿನ ರಿಪೇರಿಯವನು ಕೈಚೆಲ್ಲಿದ. ಬೇರೆ ಟ್ರಂಪೆಟ್ ಅಪ್ಪನಿಗೆ ಒಗ್ಗಲಿಲ್ಲ. ಮುಂದಿನ ಜಾಗಕ್ಕೆ ಬೇರೊಬ್ಬ ಬಂದ, ಅಪ್ಪ ಹಿಂದೆ ದೊಡ್ಡ ಡ್ರಮ್ಮು ಹೊತ್ತ. ಕೆಲವು ವರ್ಷಗಳಲ್ಲಿ ಸೆಟ್ಟೇ ಚದುರಿಹೋಯಿತು. ಅಪ್ಪ ತೀರಿಕೊಂಡಾಗ ಬಂಡಳ್ಳಿಯ ಮುದುಕನೊಬ್ಬ ನನ್ನ ಹತ್ತಿರ ಬಂದು, “ನನ್ ಮದ್ವೇಲಿ ನಿಮ್ಮಪ್ಪ ಊದುದ್ದು ಇನ್ನೂ ಕಿವೀಲದೆ ಕಣವ್ವಾ,” ಎಂದು ಕಣ್ಣೊರೆಸಿಕೊಂಡ. ಸಮಾಧಾನಕ್ಕೆ ಬಂದವನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಮಕ್ಕಳೇ. ಆ ಕಿಚ್ಚು ಇನ್ನೂ ಆರಿಲ್ಲ.

ನೀವು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಡೆದುಹೋದ ಬ್ಯಾಂಡುಗಳನ್ನು ಮೊಬೈಲಿನಲ್ಲಿ ಹಾಕಿಕೊಂಡು, ಅವರ ಕಾಲದಲ್ಲಿ ನಾವು ಇರಬೇಕಿತ್ತು ಎಂದು ಪೇಚಾಡುತ್ತೀರಿ. ನಾನು ಅಪ್ಪನ ಕಾಲದಲ್ಲೇ ಇದ್ದೆ, ಅವನ ಮನೆಯಲ್ಲೇ ಇದ್ದೆ. ಮೊನ್ನೆ ನಿಮ್ಮಲ್ಲೊಬ್ಬಳು ಮುತ್ತಾತನ ಬ್ಯಾಂಡು ಹುಡುಕುತ್ತೇನೆಂದು ಪರದೆಯ ಮೇಲೆ ಬೆರಳಾಡಿಸಿದಳು. ಯಾರುಯಾರದೋ ಬ್ಯಾಂಡುಗಳು ಬಂದವು, ಅವನದು ಬರಲಿಲ್ಲ. “ಓಗ್ಲಿ, ಎಂಗ್ ಊದ್ತಿದ್ರು ಅಂತ ನೀನೇ ಏಳಜ್ಜಿ,” ಎಂದಳು. ಕೇಳಿದ್ದರಲ್ಲವೇ ಹೇಳುವುದು? ಅಪ್ಪನ ಬಾಯಿ ಕಟ್ಟಿಸಿದವಳು ನಾನೇ ಎಂದು ಈವರೆಗೆ ಅಕ್ಕನಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳಿದ್ದೇನೆ. ಹೇಳಿಕೊಂಡರೆ ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ನನಗೆ ಆಗಲಿಲ್ಲ.