ಕುದುರೆಗೆ ಬಂದ ಹೋಳಿಗೆ

2023ರ ಜನವರಿಯಲ್ಲಿ ನಾನು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯ ಬದಿಯಲ್ಲಿದ್ದ ಕುದುರೆಗಳ ಆಶ್ರಯಧಾಮಕ್ಕೆ ವ್ಯವಸ್ಥಾಪಕಿಯಾಗಿ ಸೇರಿದೆ. ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಮುಗಿಸಿದ್ದೆ, ವಯಸ್ಸು ಇಪ್ಪತ್ನಾಲ್ಕು. ಆಶ್ರಯಧಾಮ ಎಂಬುದು ದೊಡ್ಡ ಮಾತು. ಮೂರು ಎಕರೆ ಹೊಲ, ತಗಡಿನ ಎರಡು ಶೆಡ್ಡು, ಒಂದು ಬೋರ್‌ವೆಲ್, ಹನ್ನೊಂದು ಕುದುರೆ.

ಹೊಲ ಗಂಗವ್ವನದು. ಅವಳ ಗಂಡ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದ. ಅವನು ತೀರಿಕೊಂಡ ಮೇಲೆ ಮುದಿ ಕುದುರೆಗಳನ್ನು ಅವಳು ಮಾರಲಿಲ್ಲ. ಅದು ಗೊತ್ತಾಗಿ ಕಿತ್ತೂರು, ರಾಮದುರ್ಗ ಕಡೆಯವರೂ ಟಾಂಗಾ ಎಳೆದು ಸವೆದವನ್ನು, ಗಾಡಿ ಓಟದ ಶರ್ಯತ್ತಿನಲ್ಲಿ ಓಡಿ ಕುಂಟಾದವನ್ನು ತಂದು ಅವಳ ಗೇಟಿಗೆ ಕಟ್ಟಿ ಹೋಗತೊಡಗಿದರು. ಮೇವಿನ ಖರ್ಚು, ನನ್ನ ಸಂಬಳ ಎರಡನ್ನೂ ಹೊರ ಊರಿನ ಒಂದು ಟ್ರಸ್ಟ್ ಕೊಡುತ್ತಿತ್ತು.

ಮಾರ್ಚ್ ಕೊನೆಯಲ್ಲಿ ಟ್ರಸ್ಟಿನಿಂದ ನಾಲ್ಕು ಸಾಲಿನ ಇ-ಮೇಲ್ ಬಂತು. ಇನ್ನು ನೆರವು ಇಲ್ಲ. ಅದೇ ವಾರ ಕಬ್ಬು ಕಡಿಯುವುದೂ ಮುಗಿದು, ಎಂ.ಕೆ. ಹುಬ್ಬಳ್ಳಿ ಕಡೆಯಿಂದ ಪುಕ್ಕಟೆ ಬರುತ್ತಿದ್ದ ಕಬ್ಬಿನ ಸೋಗೆ ನಿಂತಿತು. ನಾನು ಶೆಡ್ಡಿನೊಳಗಿನ ಕಣಕಿ, ಅಂದರೆ ಜೋಳದ ಒಣ ದಂಟು, ಎಣಿಸಿ ದಿನಚರಿಯಲ್ಲಿ ಬರೆದೆ. ದಿನಕ್ಕೆ ಒಂದು ಕುದುರೆಗೆ ಎಂಟು ಕಿಲೋದಂತೆ ಹಾಕಿದರೆ ಜೂನ್ 8ಕ್ಕೆ ಮುಗಿಯುತ್ತದೆ. ಹೊಲದಲ್ಲಿ ಹುಲ್ಲು ಬರುವುದು ಆಗಸ್ಟಿಗೆ.

ಮೇ ತಿಂಗಳಲ್ಲಿ ಸ್ಕೂಟಿ ಹತ್ತಿ ನಲವತ್ತೊಂದು ಮನೆಗೆ ಹೋದೆ. ನಲವತ್ತೊಂದು ಕಡೆ ಚಹಾ ಸಿಕ್ಕಿತು, ಕಣಕಿ ಸಿಗಲಿಲ್ಲ. ಪಕ್ಕದ ಹೊಲದ ಬಾಳಪ್ಪ ಮಾತ್ರ ಮುಖ ನೋಡಿ ಹೇಳಿದ:

“ಅಕ್ಕಾರ, ಎತ್ತಿಗೇ ಸಾಲವಲ್ದು. ದುಡೀಲಾರದ ಕುದುರಿಗೆ ಕಣಕಿ ಹಾಕಿ ಬಂದೇನಿ ಅಂದ್ರ ನನ್ನ ಹೇಂತಿ ನನಗ ಕೂಳ ಹಾಕಂಗಿಲ್ಲ.” ಆಮೇಲೆ ಅವನೇ ಒಂದು ದಾರಿ ತೋರಿಸಿದ. “ಕಾರ ಹುಣ್ಣಿವಿ ದಿನ ಗೇಟ್ ತಗೀರಿ. ಮಂದಿ ಎತ್ತಿಗೆ ಹೋಳ್ಗಿ ತಿನಸ್ತಾರಲ್ಲ, ಹಂಗ ಕುದುರಿಗೂ ತಿನಸ್ಲಿ. ಕೈಯಾರೆ ತಿನಿಸಿದ್ದನ್ನ ಉಪಾಸ ಕೆಡವಾಕ ಯಾರಿಗೂ ಮನಸ್ಸ ಬರಂಗಿಲ್ಲ.”

ಗಂಗವ್ವನಿಗೆ ಹೇಳಿದಾಗ ಅವಳು ಕಸಬರಿಗೆ ಕೆಳಗಿಟ್ಟಳು.

“ಎತ್ತ ಮೆಲಕ ಹಾಕತೈತಿ ತಂಗಿ. ಕುದುರಿ ನುಂಗಿದ್ದು ನುಂಗಿದ್ದ. ಅದಕ್ಕ ವಾಂತಿನೂ ಬರಂಗಿಲ್ಲ. ನಮ್ಮ ಮನಿಯವ್ರು ಮದವಿ ಮನ್ಯಾಗ ಬುಂದೆ ಹಿಡಕೊಂಡ ಬಂದವ್ರನ್ನ ಬಾರಕೋಲ ತೋರಿಸಿ ಓಡಸ್ತಿದ್ರು.”

ಇದು ನನಗೆ ಗೊತ್ತಿಲ್ಲದ್ದೇನಲ್ಲ. ಪರೀಕ್ಷೆಯಲ್ಲಿ ಬರೆದ ಉತ್ತರವೇ. “ಒಬ್ಬರಿಗೆ ಒಂದೇ ಹೋಳ್ಗಿ ಅಂತೇನಿ ಯವ್ವಾ. ಎಲ್ಲಾ ಬರದಿಡತೇನಿ” ಎಂದೆ.

“ಬರದ್ರ ಕರಗತೈತೇನು?” ಎಂದು ಮತ್ತೆ ಕಸಬರಿಗೆ ಎತ್ತಿಕೊಂಡಳು.

ಜೂನ್ 4, ಭಾನುವಾರ, ಕಾರ ಹುಣ್ಣಿಮೆ. ಗೇಟಿನ ಬಳಿ ಮೇಜು ಹಾಕಿ ಕುಳಿತೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ: ಹೆಸರು, ಊರು, ಹೋಳಿಗೆ, ಕೊಡುವ ಕಣಕಿ. ಮಧ್ಯಾಹ್ನ ಎರಡರ ಹೊತ್ತಿಗೆ ಅರವತ್ತಮೂರು ಜನ, ಅರವತ್ತಮೂರು ಹೋಳಿಗೆ, ಹದಿನಾಲ್ಕು ಬಂಡಿ ಕಣಕಿಯ ಮಾತು. ಕೂಡಿಸಿ ಎರಡು ಸಲ ತಾಳೆ ನೋಡಿದೆ. ಆಗಸ್ಟಿನವರೆಗೆ ಸಾಕಾಗುತ್ತಿತ್ತು. ಆ ವರ್ಷ ನಾನು ಸಂತೋಷಪಟ್ಟ ಗಳಿಗೆ ಅದೊಂದೇ.

ಯಾವ ಕುದುರೆ ಎಷ್ಟು ತಿಂದಿತು ಎಂಬ ಅಂಕಣ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಉಳಿದ ಹತ್ತೂ ಕುದುರೆಗಳು ಜನರನ್ನು ಕಂಡು ಬೆದರಿ ಹಿಂದೆ ಸರಿದಿದ್ದವು. ಬೆಳ್ಳಿ ಮಾತ್ರ ಬೆಳಿಗ್ಗೆಯಿಂದ ಗೇಟಿನಲ್ಲೇ ನಿಂತಿತ್ತು. ಗಂಗವ್ವನ ಗಂಡ ಕೈಯಾರೆ ಪಳಗಿಸಿದ ಬಿಳಿ ಹೆಣ್ಣು ಕುದುರೆ. ಬ್ಯಾಂಡು, ಪಟಾಕಿ, ನೂರಾರು ಜನರ ನಡುವೆ ಮಿಸುಕದೆ ನಿಲ್ಲುವುದೇ ಅದು ಕಲಿತ ವಿದ್ಯೆ. ಬಂದವರೆಲ್ಲ ಅದರ ಹಣೆ ಮುಟ್ಟಿ ಹೋಳಿಗೆ ಬಾಯಿಗಿಟ್ಟರು.

ಮೂರು ಗಂಟೆಗೆ ಅದು ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡತೊಡಗಿತು. ಮೂರೂವರೆಗೆ ನೆಲಕ್ಕೆ ಬಿದ್ದು ಹೊರಳಿತು. ಇದು ಶೂಲೆ, ಹೊಟ್ಟೆಯೊಳಗಿನದು ಉಬ್ಬಿ, ಮೇಲೆ ಬರಲು ದಾರಿಯಿಲ್ಲದೆ ಆಗುವ ನೋವು. ಗಂಗವ್ವ ಹಗ್ಗ ಹಿಡಿದು ಅದನ್ನು ಶೆಡ್ಡಿನ ಸುತ್ತ ನಡೆಸಿದಳು. ಸವದತ್ತಿಯ ಪಶುವೈದ್ಯರು ಹಬ್ಬದ ಊಟ ಬಿಟ್ಟು ನಲವತ್ತು ನಿಮಿಷದಲ್ಲಿ ಬಂದರು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದಾಗ ಬಂದದ್ದು ಬೆಲ್ಲದ ವಾಸನೆಯ ಹಿಟ್ಟು, ಅದೂ ಸ್ವಲ್ಪ. ಇನ್ನೂ ಬೆಳಕಿರುವಾಗಲೇ, ಆರೂ ಹತ್ತಕ್ಕೆ, ಬೆಳ್ಳಿ ಸತ್ತಿತು. ಗಂಗವ್ವ ಹಗ್ಗ ಬಿಚ್ಚಿ ಸುತ್ತಿ ಶೆಡ್ಡಿನ ಮೊಳೆಗೆ ತೂಗುಹಾಕಿದಳು.

ಮರುದಿನ ಬೆಳಿಗ್ಗೆ ಬಾಳಪ್ಪ ಮಾತಿನಂತೆ ಮೊದಲ ಬಂಡಿ ಕಣಕಿ ತಂದ. ಹೂತ ಮಣ್ಣು ನೋಡಿ, “ಏನಾತ್ರಿ ಅಕ್ಕಾರ?” ಎಂದ.

ಶೆಡ್ಡಿನಲ್ಲಿದ್ದದ್ದು ಇನ್ನು ಮೂರು ದಿನದ ಮೇವು. ಬರಬೇಕಾದದ್ದು ಇನ್ನೂ ಹದಿಮೂರು ಬಂಡಿ. ಹೋಳಿಗೆಯಿಂದ ಸತ್ತಿತು ಎಂದರೆ ಅರವತ್ತಮೂರು ಜನರಲ್ಲಿ ಯಾರು ಮತ್ತೆ ಈ ಗೇಟಿಗೆ ಬಂದಾರು?

“ವಯಸ್ಸಾಗಿತ್ತು” ಎಂದೆ.

ದಿನಚರಿಯಲ್ಲೂ ಹಾಗೆಯೇ ಬರೆದೆ. ಅಕ್ಷರ ಬಾರದ ಗಂಗವ್ವ ನನ್ನ ಪೆನ್ನು ನಿಂತದ್ದು ನೋಡಿ, “ಅದಕ್ಕ ಹದಿನಾರ ವರ್ಷ, ಸಾಯೂ ವಯಸ್ಸಲ್ಲ. ಬಾಯಾಗ ಸುಳ್ಳ ಬಂತು, ಹೋಗ್ಲಿ. ಪುಸ್ತಕದಾಗೂ ಬರದ್ಯಾ?” ಎಂದಳು. ಆಮೇಲೆ ಎಂಟು ದಿನ ನನ್ನೊಡನೆ ಮಾತಾಡಲಿಲ್ಲ.

ಹದಿನಾಲ್ಕರಲ್ಲಿ ಹನ್ನೊಂದು ಬಂಡಿ ಬಂದವು. ಹತ್ತು ಕುದುರೆ ಉಳಿದವು. ಎಲ್ಲರೂ ನನ್ನನ್ನು ಹೊಗಳಿದರು.

ಮರುವರ್ಷದ ಕಾರ ಹುಣ್ಣಿಮೆಗೆ ಗೇಟಿಗೆ ಬೀಗ ಹಾಕಿ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ. ಮೊದಲು ಬಂದವಳು ಬಾಳಪ್ಪನ ಹೆಂಡತಿ ಶಾಂತವ್ವ. ಬುಟ್ಟಿಯ ತುಂಬ ಹೋಳಿಗೆ. ಇನ್ನು ಮುಚ್ಚಿಡುವಂತಿರಲಿಲ್ಲ, ಬೆಳ್ಳಿ ಹೇಗೆ ಸತ್ತಿತೆಂದು ಹೇಳಿದೆ.

ಅವಳು ಬುಟ್ಟಿ ಸೊಂಟದಿಂದ ಇಳಿಸಲಿಲ್ಲ. “ನನ್ನ ಹೆಸರಿಗೆ ಎಷ್ಟ ಬರದೀರಿ?”

“ಒಂದು.”

“ನಾ ಆರ ಹಾಕಿದ್ನಿ. ಹಬ್ಬದಾಗ ಒಂದ ಹಾಕಿ ಹೆಂಗ ಬರೂದು ಅಂತ, ನೀವು ಬರಕೋತ ಕುಂತಾಗ ಐದು ಮುರದ ಹಾಕಿದ್ನಿ. ಎಲ್ಲಾರೂ ಹಂಗ ಹಾಕಿದ್ರು.” ಬುಟ್ಟಿಯ ಮೇಲೆ ಸೆರಗು ಎಳೆದಳು. “ಅವತ್ತ ಹೇಳಿದ್ರ ಅವತ್ತ ಅತ್ತು ಸುಮ್ಮನಾಗತಿದ್ನಿ. ಒಂದ ವರ್ಷ ಊರ ತುಂಬ ಪುಣ್ಯಾ ಮಾಡೀನಿ ಅಂತ ಹೇಳಕೊಂಡ ತಿರಗೀನಲ್ರಿ, ಅಕ್ಕಾರ.”

ಆ ವರ್ಷ ಬಾಳಪ್ಪನ ಬಂಡಿ ಬರಲಿಲ್ಲ. ಕೇಳಲು ನಾನೂ ಹೋಗಲಿಲ್ಲ. ಮೇವು ಸಾಲದೆ ನಾಲ್ಕು ಕುದುರೆಗಳನ್ನು ಬೇರೆಯವರಿಗೆ ಒಪ್ಪಿಸಿದೆವು. ಅವುಗಳಲ್ಲಿ ಎರಡು ಮತ್ತೆ ಶರ್ಯತ್ತಿಗೆ ಓಡುತ್ತಿವೆ ಎಂದು ಕೇಳಿದ್ದೇನೆ.

ಶಾಂತವ್ವ ಬಂದು ಹೋದ ಸಂಜೆಯೇ ದಿನಚರಿಯ ಹಳೆಯ ಪುಟ ತೆಗೆದು ‘ವಯಸ್ಸು’ ಹೊಡೆದು ಹಾಕಿ, ‘ಹೋಳಿಗೆ, ಎಷ್ಟೆಂದು ಗೊತ್ತಿಲ್ಲ’ ಎಂದು ಬರೆದೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕೊಡುವವರು ದೂರ ಸರಿಯಬಾರದೆಂದು ಬಚ್ಚಿಟ್ಟ ಸತ್ಯದಿಂದ ಮೇವು ಒಂದು ವರ್ಷ ಬರುತ್ತದೆ, ಜನ ಮಾತ್ರ ಮತ್ತೆ ಬರುವುದಿಲ್ಲ. ಬರೆದದ್ದನ್ನು ಗಂಗವ್ವನಿಗೆ ಓದಿ ಹೇಳಿದೆ.

“ಈಗ ಬರದಿ” ಎಂದಳು. ಬೆಳ್ಳಿಯ ಹಗ್ಗ ಇನ್ನೂ ಅದೇ ಮೊಳೆಗೆ ತೂಗುಬಿದ್ದಿತ್ತು.