ಬದಲಿ ಅನಬ್ಯಾಡ್ರಿ

ನಮ್ಮ ಇಳಕಲ್ಲಿನ ಸೀರೆ ವ್ಯಾಪಾರಿ ಹೊಳಬಸಪ್ಪನವರ ಎದುರು ಯಾವ ಬೈಗುಳವನ್ನಾದರೂ ಆಡಬಹುದು, 'ಬದಲಿ' ಎಂಬ ಶಬ್ದವನ್ನು ಮಾತ್ರ ಆಡಕೂಡದು. ಅವರ ಛತ್ರಿಯಲ್ಲಿ ಬಟ್ಟೆಗಿಂತ ತೇಪೆಯೇ ಹೆಚ್ಚು. ಕನ್ನಡಕದ ಕಾಲು ರೇಷ್ಮೆ ದಾರದ ಮೇಲೆ ನಿಂತಿದೆ. ತಲೆಯ ಮೇಲಿನ ಬಿಳಿ ಟೊಪ್ಪಿಗೆ ಊಟಕ್ಕೆ ಕೂತರೂ ಇಳಿಯದು. ಮೊನ್ನೆ ಕೆರೂರ ಸಂತೆಯಿಂದ ಬರುವಾಗ ಅವರ ತಂದೆಯ ಕಾಲದ ಅಂಬಾಸಿಡರ್ ಕಾರು ಕಾದು, ಎಂಜಿನ್ನಿನ ಹೆಡ್ಡು ಬಿರುಕು ಬಿಟ್ಟಿತು. "ಬದಲಿ ಹೆಡ್ ತರಸ್ರಿ, ಸಾವ್ಕಾರ್ರ" ಎಂದ ಮೆಕ್ಯಾನಿಕ್ ಕಲ್ಲಪ್ಪ. "ನಿನ್ನ ತಲಿ ಒಡದ್ರ ಬದಲಿ ತಲಿ ತರಸ್ತೀಯೇನಲೇ? ಹೊಲಿ!" ಎಂದು ಗುಡುಗಿದರು ಇವರು. "ಇದು ಕಬ್ಬಿಣ, ಸೀರಿ ಅಲ್ರಿ. ಹೊಲಿಗಿ ಬಿಟ್ರ ಇಡೀ ಎಂಜಿನ್ನಽ ಹೋಗತೈತಿ." "ಹೋಗಲಿ, ಹೊಲಿ!" ಸೆರಗನ್ನು ಸೀರೆಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಊರಿನವರಿಗೆ ಯಾರು ಎದುರಾಡಬೇಕು? ಕಲ್ಲಪ್ಪ ಬಿರುಕಿನುದ್ದಕ್ಕೂ ತೂತು ಕೊರೆದು, ಒತ್ತೊತ್ತಾಗಿ ತಿರುಪು ಮೊಳೆ ಬಿಗಿದು, ಕಬ್ಬಿಣವನ್ನೇ ಹೊಲಿದ. ಹೆಂಡತಿ ಇಂದ್ರಾಬಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಳಬಸಪ್ಪನವರು ಅಮೀನಗಡದವರೆಗೆ ಗಾಡಿ ಬಿಟ್ಟರು. ಹನಿ ನೀರು ಸೋರಲಿಲ್ಲ. ಕರದಂಟಿನ ಅಂಗಡಿಯ ಮುಂದೆ ಅವರು ಕೇಕೆ ಹಾಕಿ ಟೊಪ್ಪಿಗೆಯನ್ನು ಮುಗಿಲಿಗೆಸೆದರು. ಅಲ್ಲಿ ನಿಂತಿದ್ದ ಬಸ್ಸಿನ ಜನ ಫೋಟೋಕ್ಕೆ ಮೊಬೈಲ್ ಎತ್ತಿದರು. ಆಗ ಕಂಡಿತು, ಬೋಳು ತಲೆಯ ಮೇಲೆ ಹಣೆಯಿಂದ ನೆತ್ತಿಯವರೆಗೆ ಹರಿದ ಹೊಲಿಗೆಯ ಗುರುತು. "ಇವ್ರು ಮಾಳಿಗಿ ಮ್ಯಾಲಿಂದ ಬಿದ್ದಾಗ ಇದಽ ಗಾಡಿ ದವಾಖಾನಿಗೆ ಒಯ್ದಿತ್ತು" ಎಂದರು ಇಂದ್ರಾಬಾಯಿ, ಬಿಸಿ ಬಾನೆಟ್ ಸವರುತ್ತ. "ಡಾಕ್ಟರು ಕೈ ಚೆಲ್ಲಿದ್ರು. 'ಹೊಲೀರಿ' ಅಂದಾಕಿ ನಾ."